ವನಸ್ಪತಿ ಕಂಪೆನಿಯ ಉಪಬೆಳೆಗಳು

“ಒಂದೇ ಬೆಳೆಯನ್ನು ನಂಬಿ ಕೂರಬೇಡಿ, ಉಪಬೆಳೆ ಮಾಡಿ.” ಕೃಷಿಮೇಳದಲ್ಲಿ, ಸೊಸೈಟಿಯ ಮಹಾಸಭೆಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಕೂಡ ಈ ಮಾತು ಕೇಳಿ ಕೇಳಿ ನಮ್ಮ ಕಿವಿ ತೂತಾಗಿದೆ. ಯಾವ ಉಪಬೆಳೆ ಎಂದು ಹೇಳುವವರಿಗೆ ಬರಗಾಲವಿಲ್ಲ. ಒಂದು ಕಾಲಕ್ಕೆ ಕೊಕ್ಕೊ, ಮತ್ತೊಂದು ಕಾಲಕ್ಕೆ ವೆನಿಲ್ಲಾ, ಈಗ ರಂಬುಟಾನ್. ಆದರೆ ಉಪಬೆಳೆಯನ್ನು ಆರಿಸುವುದು ಹೇಗೆ? ಅದಕ್ಕೆ ದುಡ್ಡು ಎಲ್ಲಿಂದ ತೆಗೆಯುವುದು? ಎಷ್ಟು ವರ್ಷ ಕಾಯುವುದು? ಆಗದಿದ್ದರೆ ಯಾವಾಗ ಬಿಡುವುದು? ಇದನ್ನು ಬಿಡಿಸಿ ಹೇಳುವವರು ಅಪರೂಪ.

ನನಗಿರುವುದು ಮೂರೆಕ್ರೆ ಅಡಿಕೆ ತೋಟ. ಮರಕ್ಕೆ ಹಬ್ಬಿಸಿದ ಕರಿಮೆಣಸು, ನಡುವೆ ಒಂದಷ್ಟು ಕೊಕ್ಕೊ, ಕೊಟ್ಟಿಗೆಯಲ್ಲಿ ಎರಡು ದನ. ದೊಡ್ಡ ಉದ್ಯಮಿಗಳ ಕಥೆ ಓದಿ ನಮಗೆ ಆಗಬೇಕಾದ್ದು ಏನು ಎಂದು ಕೇಳುವವರ ಸಾಲಿನವನೇ ನಾನೂ. ಆದರೆ ಅಜೀಂ ಪ್ರೇಮ್‌ಜಿಯವರ ಕಂಪೆನಿಯ ಚರಿತ್ರೆ ಓದುತ್ತಾ ಹೋದ ಹಾಗೆ ಪೆನ್ಸಿಲು ಹಿಡಿದು ಗೆರೆ ಎಳೆಯುವುದಕ್ಕೆ ಶುರು ಮಾಡಿದೆ. ಯಾಕೆಂದರೆ ಅದು ಹುಟ್ಟಿದ್ದೇ ಒಂದು ಬೆಳೆಯಿಂದ. ಒಂದೇ ಬೆಳೆಯ ಮೇಲೆ ನಿಂತಿದ್ದ ಕುಟುಂಬದ ಕಂಪೆನಿಯನ್ನು ಒಬ್ಬರೇ ವ್ಯಕ್ತಿ 1966ರಿಂದ 2019ರ ತನಕ, ಅಂದರೆ 53 ವರ್ಷ, ನಡೆಸಿ ಹಲವು ಕವಲುಗಳ ಮರವಾಗಿ ಬೆಳೆಸಿದ ಲೆಕ್ಕ ಅದು. ಅಡಿಕೆಯವರು ನೋಡಬೇಕಾದ ಲೆಕ್ಕ.

ಹೆಸರಿನಲ್ಲೇ ಎಣ್ಣೆಯ ವಾಸನೆ

ವಿಪ್ರೊ ಎಂದರೆ ಇವತ್ತು ಬೆಂಗಳೂರು, ಸಾಫ್ಟ್‌ವೇರ್, ಗಾಜಿನ ಕಟ್ಟಡ. ಮೂಲ ಹೆಸರು ಕೇಳಿ: ವೆಸ್ಟರ್ನ್ ಇಂಡಿಯಾ ವೆಜಿಟೇಬಲ್ ಪ್ರಾಡಕ್ಟ್ಸ್ ಲಿಮಿಟೆಡ್. ಅದನ್ನು ಮೊಟಕು ಮಾಡಿದ್ದೇ ವಿಪ್ರೊ. 1945ರ ಡಿಸೆಂಬರಿನಲ್ಲಿ ಇದನ್ನು ಹುಟ್ಟುಹಾಕಿದವರು ಅಜೀಂ ಅವರ ತಂದೆ ಮಹಮ್ಮದ್ ಹಾಶಂ ಪ್ರೇಮ್‌ಜಿ, ಮೊದಲು ಅಕ್ಕಿ ವ್ಯಾಪಾರ ಮಾಡುತ್ತಿದ್ದವರು. ಕಾರ್ಖಾನೆ ಹಾಕಿದ್ದು ಮಹಾರಾಷ್ಟ್ರದ ಈಗಿನ ಜಳಗಾಂವ್ ಜಿಲ್ಲೆಯ ಅಮಳ್ನೇರ್ ಎಂಬ ಸಣ್ಣ ಪೇಟೆಯಲ್ಲಿ. ಸುತ್ತ ಹತ್ತಿ, ನೆಲಗಡಲೆ ಬೆಳೆಯುವ ಖಾನದೇಶದ ಹೊಲಗಳು.

ಕಾರ್ಖಾನೆಯ ಕೆಲಸ ವನಸ್ಪತಿ ಮಾಡುವುದು. ನಮ್ಮ ಕಡೆ ಯಾವ ವನಸ್ಪತಿಯಾದರೂ ‘ಡಾಲ್ಡಾ’ ಎಂದೇ ಬಾಯಿಗೆ ಬರುತ್ತದೆ. ಅದು ಬೇರೆ ಕಂಪೆನಿಯವರ ಬ್ರಾಂಡು. ಇವರದ್ದು ‘ಸನ್‌ಫ್ಲವರ್’. ವಿದ್ಯೆ ಮಾತ್ರ ಒಂದೇ. ಎಣ್ಣೆಯನ್ನು ಶುದ್ಧ ಮಾಡಿ, ಬಿಸಿ ಮಾಡಿ, ನಿಕ್ಕಲ್ ಪುಡಿಯ ಜೊತೆಯಲ್ಲಿ ಜಲಜನಕ ಹಾಯಿಸಿದರೆ ತೆಳು ಎಣ್ಣೆ ತುಪ್ಪದ ಹಾಗೆ ಗಟ್ಟಿಯಾಗುತ್ತದೆ.

ನೆಲಗಡಲೆಯ ಲೆಕ್ಕವೂ ಗೊತ್ತಿರಲಿ. ಸಿಪ್ಪೆ ಸಹಿತದ ಒಣ ಕಾಯಿ 100 ಕಿಲೋ ಒಡೆದರೆ ಬೀಜ ಸುಮಾರು 70 ಕಿಲೋ. ಬೀಜದಲ್ಲಿ ಎಣ್ಣೆಯ ಅಂಶ ನೂರಕ್ಕೆ 45ರಿಂದ 50. ಹೇಗೆ ಹಿಂಡಿದರೂ ಕೈಗೆ ಸಿಕ್ಕುವ ಎಣ್ಣೆ 30 ಕಿಲೋದ ಆಸುಪಾಸು. ಉಳಿದದ್ದು ಹಿಂಡಿ, ಅದು ದನದ ಬಾಯಿಗೆ. ಎಣ್ಣೆ ಶುದ್ಧ ಮಾಡುವಾಗ ಕಾಸ್ಟಿಕ್ ಸೋಡಾ ಹಾಕಿದರೆ ಜಿಡ್ಡಿನ ಗಸಿಯೊಂದು ಅಡಿಗೆ ಬಂದು ನಿಲ್ಲುತ್ತದೆ. ಚೆಲ್ಲಿದರೆ ಚರಂಡಿ ಹಾಳು. ಬಟ್ಟೆ ಸೋಪಿಗೆ ಅದೇ ಕಚ್ಚಾವಸ್ತು. ಅಮಳ್ನೇರಿನವರು ಆ ಗಸಿಯಿಂದ ‘787’ ಎಂಬ ಬಟ್ಟೆ ಸೋಪು ಮಾಡಿದರು.

ಕಂಪೆನಿಯ ಮೊದಲನೇ ಉಪಬೆಳೆ ಇದೇ. ಹೊಸ ಜಾಗ ಬೇಡ, ಹೊಸ ಗಿರಾಕಿಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಮುಖ್ಯಬೆಳೆಯ ಕಸದಲ್ಲೇ ಹುಟ್ಟಿದ್ದು. ಬಿದ್ದ ಹಾಳೆಯಿಂದ ತಟ್ಟೆ ಒತ್ತಿದವರಿಗೆ ಇದರ ರುಚಿ ಗೊತ್ತುಂಟು.

ಇಪ್ಪತ್ತೊಂದರ ಹುಡುಗ

1966ರ ಆಗಸ್ಟಿನಲ್ಲಿ ಹಾಶಂ ಪ್ರೇಮ್‌ಜಿ ತೀರಿಹೋದರು. ಅಜೀಂ ಆಗ ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದುತ್ತಿದ್ದರು. ಪ್ರಾಯ 21. ಓದು ಅರ್ಧಕ್ಕೆ ನಿಂತಿತು, ಊರಿಗೆ ಬಂದರು. ಡಿಗ್ರಿ ಪೂರ್ತಿ ಮಾಡಿದ್ದು ಮೂವತ್ತಕ್ಕೂ ಮಿಕ್ಕಿ ವರ್ಷ ಕಳೆದ ಮೇಲೆ. ತಂದೆ ಹೋದ ಮೇಲೆ ಕಾಲೇಜು ಬಿಟ್ಟು ತೋಟಕ್ಕೆ ಇಳಿದವರು ನಮ್ಮ ಊರೂರಿನಲ್ಲಿದ್ದಾರೆ; ಅವರಿಗೆ ಈ ಅವಸ್ಥೆಯನ್ನು ವಿವರಿಸಬೇಕಾಗಿಲ್ಲ.

ಆಗಿನ ಒಂದು ಸಂಗತಿಯನ್ನು ಅವರ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ. ಕಂಪೆನಿಯ ಷೇರುದಾರರ ಸಭೆಯಲ್ಲಿ ಒಬ್ಬರು ಎದ್ದು ನಿಂತು, ಇಷ್ಟು ಸಣ್ಣ ಪ್ರಾಯದ ನಿಮ್ಮಿಂದ ಇದು ಆಗುವ ಕೆಲಸ ಅಲ್ಲ, ಷೇರುಗಳನ್ನು ಅನುಭವಿಗಳಿಗೆ ಮಾರಿಬಿಡಿ ಎಂಬ ಅರ್ಥದ ಮಾತು ಹೇಳಿದರಂತೆ. ಮಾರಲಿಲ್ಲ. ಹಾಗಂತ ಮರುದಿನವೇ ಹೊಸ ಉದ್ಯಮಕ್ಕೂ ಹಾರಲಿಲ್ಲ. ಇದನ್ನು ಗಮನಿಸಬೇಕು. 1966ಕ್ಕೂ ಮೊದಲ ದೊಡ್ಡ ಕವಲಿಗೂ ನಡುವೆ ಒಂಬತ್ತು ವರ್ಷದ ಅಂತರ ಇದೆ. ಆ ಒಂಬತ್ತು ವರ್ಷ ಮಾಡಿದ್ದು ಇದ್ದ ಎಣ್ಣೆ ವ್ಯವಹಾರವನ್ನೇ ನೇರ್ಪು ಮಾಡುವ ಕೆಲಸ.

ಕಣ್ಣಂದಾಜಿನಿಂದ ತಕ್ಕಡಿಗೆ

ಅಮಳ್ನೇರಿನಲ್ಲಿ ಆಗ ನೆಲಗಡಲೆ ಖರೀದಿ ನಡೆಯುತ್ತಿದ್ದುದು ಕಣ್ಣು, ಕೈ, ಬಾಯಿಯ ಅಂದಾಜಿನಲ್ಲಿ. ಖರೀದಿ ಮಾಡುವ ಮನುಷ್ಯ ಬೀಜವನ್ನು ಹಿಸುಕಿ, ಜಗಿದು, ಎಣ್ಣೆ ಎಷ್ಟುಂಟು, ಪಸೆ ಎಷ್ಟುಂಟು ಎಂದು ಹೇಳುವುದು; ಅವನು ಹೇಳಿದ್ದೇ ಧಾರಣೆ. ಇಂಜಿನಿಯರಿಂಗ್ ಓದಿ ಬಂದ ಹುಡುಗನಿಗೆ ಇದು ಸರಿ ಕಾಣಲಿಲ್ಲ. ಸ್ಯಾಂಪಲ್ ತೆಗೆದು, ತೂಗಿ, ಅದರ ಎಣ್ಣೆ ಅಂಶ ಮತ್ತು ತೇವಾಂಶ ಅಳೆದು ಅದರ ಮೇಲೆ ಬೆಲೆ ಕಟ್ಟುವ ಕ್ರಮ ತಂದರು ಎಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ.

ಅಳತೆಯಿಂದ ಏನು ಮಹಾ ಎನ್ನಬೇಡಿ. ನೂರು ಕಿಲೋ ಬೀಜದಲ್ಲಿ ತೇವ ಶೇಕಡಾ 8ರ ಬದಲು 12 ಇದ್ದರೆ ನಾಲ್ಕು ಕಿಲೋ ನೀರನ್ನು ಬೀಜದ ಕ್ರಯಕ್ಕೆ ಕೊಂಡ ಹಾಗೆ. ದಿನಕ್ಕೆ ಲೋಡುಗಟ್ಟಲೆ ಕೊಳ್ಳುವವರಿಗೆ ವರ್ಷದ ಲಾಭ ಪೂರ್ತಿ ಆ ನಾಲ್ಕು ಕಿಲೋದಲ್ಲಿ ಆವಿಯಾಗಬಹುದು. ಪಸೆ ಇದ್ದ ಬೀಜಕ್ಕೆ ಬೂಸ್ಟು ಹಿಡಿಯುವುದು ಬೇರೆ. ಚೆನ್ನಾಗಿ ಒಣಗಿಸಿ ತಂದ ಬೆಳೆಗಾರನಿಗೂ ಅಳತೆ ಇದ್ದರೇ ನ್ಯಾಯ. ಅಂದಾಜಿನ ವ್ಯಾಪಾರದಲ್ಲಿ ಅವನಿಗೂ ಹಸಿ ಮಾಲು ತಂದವನಿಗೂ ಒಂದೇ ಕ್ರಯ.

ನಮ್ಮ ಮಾಲುಗಳನ್ನೇ ನೋಡಿ. ಡೈರಿ ಸೊಸೈಟಿಯಲ್ಲಿ ಹಾಲಿಗೆ ಫ್ಯಾಟ್ ನೋಡಿ ದರ. ರಬ್ಬರ್ ಹಾಲಿಗೆ ಡಿಆರ್‌ಸಿ. ಕರಿಮೆಣಸಿಗೆ ಲೀಟರ್ ತೂಕ. ಅಡಿಕೆಗೆ? ಇವತ್ತಿಗೂ ಕಣ್ಣಂದಾಜು. ಒಂದೇ ಗೋಣಿಯ ಅಡಿಕೆಗೆ ಒಂದೇ ದಿನ ಎರಡು ಅಂಗಡಿಯಲ್ಲಿ ಎರಡು ದರ ಕೇಳಿಸಿಕೊಂಡು ಬಂದವ ನಾನು. ಅಂದಮೇಲೆ ಪಟೋರ, ಉಳ್ಳಿ, ಕರಿಗೋಟು ಬೇರೆ ಮಾಡಿ, ಒಂದೊಂದನ್ನೂ ತೂಗಿ, ಪುಸ್ತಕದಲ್ಲಿ ಬರೆದು ಆಮೇಲೆ ಅಂಗಡಿಗೆ ಹೋಗುವುದು ನಮ್ಮ ಕೈಯಲ್ಲಿರುವ ಅಳತೆ. ಕಳೆದ ನಾಲ್ಕು ವರ್ಷದಿಂದ ನಾನು ಹಾಗೆ ಮಾಡುತ್ತಿದ್ದೇನೆ. ಅಂಗಡಿಯವರು ಹೇಳುವ ದರ ಜಾಸ್ತಿ ಆಗಿದೆಯೋ ಇಲ್ಲವೋ, ಅವರ ಹತ್ತಿರ ಮಾತಾಡುವುದಕ್ಕೆ ನನಗೊಂದು ಹಿಡಿತ ಸಿಕ್ಕಿದೆ.

ಅಂತೂ ಮುಖ್ಯಬೆಳೆಯ ಲೆಕ್ಕ ನೆಟ್ಟಗಾದ ಮೇಲೆಯೇ ಉಪಬೆಳೆ. ಅಡಿಕೆಯಲ್ಲಿ ಸೋರಿಹೋಗುವುದನ್ನು ಕಟ್ಟದೆ ರಂಬುಟಾನ್ ನೆಟ್ಟರೆ, ಸೋರುವ ಮಾಡಿನ ಕೆಳಗೆ ಇನ್ನೊಂದು ಪಾತ್ರೆ ಇಟ್ಟ ಹಾಗೆ.

ಮಳೆಗೆ ಹೆದರದ ಕಸುಬು

ನೆಲಗಡಲೆ ಮಳೆಯಾಶ್ರಿತ ಬೆಳೆ. ಮಳೆ ಕೈಕೊಟ್ಟ ವರ್ಷ ಬೀಜ ಇಲ್ಲ, ಇದ್ದದ್ದಕ್ಕೆ ವಿಪರೀತ ಕ್ರಯ. ವನಸ್ಪತಿಯ ಮೇಲೆ 1947ರ ಆದೇಶದ ಪ್ರಕಾರ ಸರಕಾರದ ನಿಯಂತ್ರಣ ಬೇರೆ. ಅಂಥ ಕಂಪೆನಿ ಇನ್ನೊಂದು ಎಣ್ಣೆಗೇ ಕೈಹಾಕಿದ್ದರೆ ಅದೇ ಮಳೆ, ಅದೇ ಬರ, ಅದೇ ಆದೇಶಗಳ ಕೆಳಗೆ ಇನ್ನೊಂದು ತಲೆಬಿಸಿ ಅಷ್ಟೇ.

1975ರಲ್ಲಿ ಪ್ರೇಮ್‌ಜಿ ಹಿಡಿದದ್ದು ಹೈಡ್ರಾಲಿಕ್ ಸಿಲಿಂಡರ್. ಟಿಪ್ಪರ್ ಲಾರಿಯ ತೊಟ್ಟಿಯನ್ನು ಎತ್ತುತ್ತದಲ್ಲ, ಮಣ್ಣು ತೆಗೆಯುವ ಯಂತ್ರದ ಕೈಯನ್ನು ಮಡಚಿ ಚಾಚುತ್ತದಲ್ಲ, ಆ ಕಬ್ಬಿಣದ ಕೊಳವೆ. ತೋಟಕ್ಕೆ ಜೆಸಿಬಿ ಬಂದಾಗ ಮಕ್ಕಳು ಬಾಯಿ ಬಿಟ್ಟು ನೋಡುವುದು ಅದರ ಕೆಲಸವನ್ನೇ. ಎಣ್ಣೆಗೂ ಇದಕ್ಕೂ ಸಂಬಂಧ ಇಲ್ಲ. ಸಂಬಂಧ ಇಲ್ಲದ್ದೇ ಅದರ ಗುಣ. ನೆಲಗಡಲೆಗೆ ಬರ ಬಂದ ವರ್ಷ ಸಿಲಿಂಡರಿಗೆ ಬರ ಬರುವುದಿಲ್ಲ.

ಈ ಜಾಗದಲ್ಲಿ ನಾನು ಪುಸ್ತಕ ಮುಚ್ಚಿಟ್ಟು ನನ್ನ ತೋಟದ ಬಗ್ಗೆ ಯೋಚಿಸಿದೆ. ಅಡಿಕೆಯ ಕೊಳೆರೋಗಕ್ಕೆ ಕಾರಣ ಫೈಟೊಫ್ತೊರಾ ಎಂಬ ರೋಗಾಣು. ಕರಿಮೆಣಸಿನ ಶೀಘ್ರ ಸೊರಗು ರೋಗಕ್ಕೂ ಅದೇ ಕುಲದ ಇನ್ನೊಂದು. ಕೊಕ್ಕೊ ಕೋಡು ಕಪ್ಪಾಗಿ ಕೊಳೆಯುವುದಕ್ಕೂ ಅದೇ ಕುಲದ ಮತ್ತೊಂದು. ಮೂರಕ್ಕೂ ಬೇಕಾದ್ದು ಬಿಡದೆ ಸುರಿಯುವ ಮಳೆ, ನೀರು ನಿಂತ ನೆಲ. ಹಾಗಾಗಿ ಅಡಿಕೆ, ಮೆಣಸು, ಕೊಕ್ಕೊ ಎಂದು ಬೆರಳು ಮಡಚಿ ಮೂರು ಬೆಳೆ ಎಣಿಸುತ್ತಿದ್ದರೂ, ಶತ್ರುವಿನ ಲೆಕ್ಕದಲ್ಲಿ ನಮ್ಮದು ಒಂದೂವರೆ ಬೆಳೆ! 2018ರ ಮಳೆಗಾಲದಲ್ಲಿ ಕರಾವಳಿಯ ತೋಟಗಳಲ್ಲಿ ಕೊಳೆರೋಗ ಏನು ಮಾಡಿತೆಂದು ಎಲ್ಲರಿಗೂ ನೆನಪಿದೆ. ಆ ವರ್ಷ ನನ್ನ ಮೆಣಸಿನ ಬಳ್ಳಿಗಳೂ ಅಡಿಕೆಯ ಜೊತೆಗೇ ಹೋದವು. ಮನೆಯ ಸಾಮಾನಿನ ಅಂಗಡಿಯ ಲೆಕ್ಕ ಚುಕ್ತಾ ಮಾಡಿದ್ದು ಎರಡು ದನಗಳ ಹಾಲು.

ಮೆಣಸು, ಕೊಕ್ಕೊ ಬೇಡ ಎಂದು ಖಂಡಿತ ಹೇಳುತ್ತಿಲ್ಲ. ಅಡಿಕೆಗೆ ಕೊಟ್ಟ ಗೊಬ್ಬರ, ನೀರಿನಲ್ಲೇ ಅವು ಬೆಳೆಯುತ್ತವೆ. ಅಡಿಕೆಯ ಧಾರಣೆ ಬಿದ್ದರೆ ಅವು ಕೈಹಿಡಿಯುತ್ತವೆ. ಅಡಿಕೆಯ ರೋಗಕ್ಕೆ ಅವು ಮದ್ದಲ್ಲ. ಧಾರಣೆಗೆ ಒಂದು ಉಪಬೆಳೆ, ಮಳೆಗೆ ಇನ್ನೊಂದು ಉಪಕಸುಬು ಬೇಕು. ಜೇನು, ಹಾಲು, ಹಾಳೆತಟ್ಟೆ, ನರ್ಸರಿ, ಯಾವುದೂ ಆಗಬಹುದು. “ಇದಕ್ಕೂ ನನ್ನ ಅಡಿಕೆಗೂ ಒಂದೇ ಶತ್ರು ಇದೆಯೋ?” ಎಂಬ ಪ್ರಶ್ನೆಯನ್ನು ಗಿಡ ತರುವ ಮೊದಲೇ ಕೇಳಿಕೊಳ್ಳಬೇಕು.

ಬೇರೆಯವರು ಬಿಟ್ಟುಹೋದ ಜಾಗ

1973ರಲ್ಲಿ ವಿದೇಶಿ ಕಂಪೆನಿಗಳ ಪಾಲಿಗೆ ಮಿತಿ ಹಾಕುವ ‘ಫೆರಾ’ ಕಾನೂನು ಬಂತು. ಅದಕ್ಕೆ ಒಪ್ಪದ ಐಬಿಎಂ 1978ರಲ್ಲಿ ಭಾರತ ಬಿಟ್ಟಿತು. ಕಂಪ್ಯೂಟರ್ ಬೇಕಾದವರಿದ್ದಾರೆ, ಕೊಡುವವರಿಲ್ಲ. ಆಗಲೇ 1977ರಲ್ಲಿ ಹೆಸರಿನಿಂದ ‘ವೆಜಿಟೇಬಲ್’ ಬಿಟ್ಟು ವಿಪ್ರೊ ಪ್ರಾಡಕ್ಟ್ಸ್ ಎಂದಾಗಿದ್ದ ಕಂಪೆನಿ 1980ರ ಹೊತ್ತಿಗೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಇಳಿಯಿತು. ಮಿನಿಕಂಪ್ಯೂಟರಿನ ತಂತ್ರಜ್ಞಾನವನ್ನು ಅಮೆರಿಕದ ಸೆಂಟಿನೆಲ್ ಎಂಬ ಕಂಪೆನಿಯಿಂದ ಪಡೆದರು. ಸಂಶೋಧನೆಯ ಕೆಲಸ ಶುರುವಾದದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. 1982ರಲ್ಲಿ ಹೆಸರು ಇನ್ನೂ ಗಿಡ್ಡವಾಗಿ ಬರೇ ವಿಪ್ರೊ ಲಿಮಿಟೆಡ್ ಆಯಿತು.

ಇದರಲ್ಲಿ ಎರಡು ಸಂಗತಿ. ಒಂದು, ಗೊತ್ತಿಲ್ಲದ ಕೆಲಸಕ್ಕೆ ಗೊತ್ತಿದ್ದವರನ್ನು ಸೇರಿಸಿಕೊಂಡರು. ಯಜಮಾನರಿಗೆ ಎಣ್ಣೆ ಗೊತ್ತು, ಹಾಗಾಗಿ ಕಂಪ್ಯೂಟರೂ ಗೊತ್ತಿರುತ್ತದೆ ಎಂದು ಹೊರಡಲಿಲ್ಲ. ಎರಡು, ಎಣ್ಣೆ ಸೋಪುಗಳ ಆದಾಯದ ಬುಡ ಗಟ್ಟಿ ಇಟ್ಟುಕೊಂಡೇ ಹೊಸತಕ್ಕೆ ಹೊರಟರು. ಕಂಪ್ಯೂಟರ್ ಬಂತೆಂದು ಸೋಪನ್ನು ಬಿಡಲಿಲ್ಲ. ಬದಲಿಗೆ 1980ರ ದಶಕದ ಮಧ್ಯದಲ್ಲಿ ಗಂಧ ಅರಸಿನದ ಹೆಸರು ಹೇಳಿ ‘ಸಂತೂರ್’ ಎಂಬ ಮೈಸೋಪು ತಂದರು. ಅದು ಈಗಲೂ ನಮ್ಮ ಬಚ್ಚಲುಮನೆಗಳಲ್ಲಿದೆ. ತೆಂಗಿನೆಣ್ಣೆಯ ಸೋಪು ಎಂದು ಕೇರಳದಲ್ಲಿ ಹೆಸರಾದ ‘ಚಂದ್ರಿಕಾ’ ಕೂಡ ಮುಂದೆ ಅವರ ಕೈಗೇ ಬಂತು. ಅಡಿಕೆ ಮರ ಕಡಿದು ರಬ್ಬರ್ ನೆಟ್ಟು, ರಬ್ಬರ್ ಧಾರಣೆ ಬಿದ್ದಾಗ ಅದನ್ನು ಕಡಿದು ಮತ್ತೆ ಅಡಿಕೆ ನೆಡುವ ನಮ್ಮ ಅವಸರದ ಎದುರು ಇದನ್ನಿಟ್ಟು ನೋಡಿ.

ಬೇರೆಯವರು ಬಿಟ್ಟುಹೋದ ಜಾಗವನ್ನು ಹಿಡಿದ ಉದಾಹರಣೆ ನಮ್ಮಲ್ಲೇ ಒಂದುಂಟು. 1970ರ ದಶಕದ ಕೊನೆಗೆ ಜಾಗತಿಕ ಬೆಲೆ ಕುಸಿದು, ಕೊಕ್ಕೊ ಕೊಳ್ಳುತ್ತಿದ್ದವರು ಕೈ ಎತ್ತಿದಾಗ ಖರೀದಿಗೆ ಇಳಿದದ್ದು ಅಡಿಕೆಗಾಗಿ 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ. ಕೊಂಡದ್ದನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಉತ್ತರವಾಗಿ 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆ ಎದ್ದಿತು. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದ ಆ ಕೆಲಸ ಅಡಿಕೆಯವರು ಸೇರಿ ಮಾಡಿದ ಉಪಬೆಳೆ. ಅಮಳ್ನೇರಿನದ್ದು ಒಂದು ಮನೆಯವರ ಕಂಪೆನಿ, ಇದು ನಮ್ಮೆಲ್ಲರದ್ದು.

ಕಂಪ್ಯೂಟರ್ ಬಿದ್ದಾಗ ಉಳಿದದ್ದು

1991ರಲ್ಲಿ ಆರ್ಥಿಕ ಉದಾರೀಕರಣ. ಆಮದು ಸುಂಕ ಇಳಿಯಿತು, ವಿದೇಶಿ ಕಂಪ್ಯೂಟರ್‌ಗಳು ಒಳಗೆ ಬಂದವು, ಐಬಿಎಂ ಕೂಡ ಮರಳಿತು. ಬೇಲಿಯ ಒಳಗೆ ಬೆಳೆದ ದೇಶಿ ಕಂಪ್ಯೂಟರ್ ತಯಾರಕರಿಗೆ ಕಷ್ಟಕಾಲ ಬಂತು. ವಿಪ್ರೊಗೂ ಬಂತು.

ಆಗ ಕೈಯಲ್ಲಿ ಉಳಿದದ್ದೇನು? ಹತ್ತು ಹನ್ನೆರಡು ವರ್ಷ ಯಂತ್ರಗಳನ್ನು ವಿನ್ಯಾಸ ಮಾಡಿ, ಬಿಚ್ಚಿ ಕಟ್ಟಿ ಪಳಗಿದ ಇಂಜಿನಿಯರುಗಳು. ಯಂತ್ರಕ್ಕೆ ಗಿರಾಕಿ ಕಮ್ಮಿಯಾದರೆ ಆಗಲಿ, ಈ ವಿದ್ಯೆಗೆ ಗಿರಾಕಿ ಇದ್ದಾರೆ ಎಂದು ಕಂಡುಕೊಂಡರು. ವಿದೇಶಿ ಕಂಪೆನಿಗಳಿಗೆ ಬೇಕಾದ ಸಂಶೋಧನೆ, ವಿನ್ಯಾಸ, ಸಾಫ್ಟ್‌ವೇರ್ ಕೆಲಸವನ್ನು ಬೆಂಗಳೂರಿನಲ್ಲೇ ಕುಳಿತು ಮಾಡಿಕೊಡುವ ವ್ಯವಹಾರ ಬೆಳೆದದ್ದು ಹೀಗೆ. 2000ದ ಅಕ್ಟೋಬರಿನಲ್ಲಿ ಕಂಪೆನಿ ನ್ಯೂಯಾರ್ಕಿನ ಷೇರುಪೇಟೆಗೂ ಹೋಯಿತು. ಪ್ರೇಮ್‌ಜಿ ಅಧಿಕಾರ ಬಿಟ್ಟುಕೊಡುವುದಕ್ಕೆ ಮೊದಲಿನ 2018-19ನೇ ಸಾಲಿನಲ್ಲಿ ವಿಪ್ರೊದ ವಹಿವಾಟು 58,000 ಕೋಟಿ ರೂಪಾಯಿಗೂ ಮೇಲೆ.

ನನಗೆ ಇದು ಮತ್ತೆ ಗಸಿಯಿಂದ ಮಾಡಿದ ಸೋಪಿನ ಹಾಗೆಯೇ ಕಂಡಿತು. ಆಗ ಎಣ್ಣೆಯಿಂದ ಉಳಿದ ಗಸಿ, ಈಗ ಯಂತ್ರದಿಂದ ಉಳಿದ ವಿದ್ಯೆ. ವೆನಿಲ್ಲಾದ ಧಾರಣೆ 2003ರಲ್ಲಿ ಮುಗಿಲು ಮುಟ್ಟಿ ಮರುವರ್ಷದಿಂದ ಪಾತಾಳಕ್ಕೆ ಇಳಿಯಿತು. ಬಳ್ಳಿ ಸತ್ತಿತು. ಆದರೆ ಆ ಗಲಾಟೆಯಲ್ಲಿ ಸಸಿ ಮಾಡುವುದನ್ನು ಕಲಿತು, ಮುಂದೆ ಮೆಣಸು, ಜಾಯಿಕಾಯಿ, ಹಣ್ಣಿನ ಕಸಿ ಗಿಡಗಳ ನರ್ಸರಿ ಮಾಡಿ ನಿಂತವರನ್ನು ನಾನು ಕಂಡಿದ್ದೇನೆ. ಬೆಳೆ ಹೋದರೂ ಕೈಯ ವಿದ್ಯೆ ಹೋಗುವುದಿಲ್ಲ. ಉಪಬೆಳೆಯ ಲಾಭ ನಷ್ಟ ಬರೆಯುವಾಗ ಕಲಿತದ್ದನ್ನೂ ಒಂದು ಕಾಲಮ್ಮಿನಲ್ಲಿ ಬರೆಯಬೇಕು.

ಬಿಡುವುದೂ ಒಂದು ವಿದ್ಯೆ

ಹಿಡಿದದ್ದೆಲ್ಲ ಚಿನ್ನ ಆಗಲಿಲ್ಲ. ಹಣಕಾಸಿನ ವ್ಯವಹಾರಕ್ಕೆ ಹಾಕಿದ ಕಂಪೆನಿ ನಷ್ಟಕ್ಕೆ ಬಿತ್ತು, ಅದನ್ನು ಬಿಟ್ಟರು. ಮೂವತ್ತು ವರ್ಷ ಹತ್ತಿರ ಮಾಡಿಕೊಂಡು ಬಂದಿದ್ದ ಸ್ವಂತ ಹೆಸರಿನ ಕಂಪ್ಯೂಟರ್ ತಯಾರಿಯನ್ನೂ 2013ರಲ್ಲಿ ನಿಲ್ಲಿಸಿದರು. ಅದೇ 2013ರಲ್ಲಿ ಸೋಪು, ದೀಪ, ಹೈಡ್ರಾಲಿಕ್ ಎಲ್ಲ ಸೇರಿಸಿ ‘ವಿಪ್ರೊ ಎಂಟರ್‌ಪ್ರೈಸಸ್’ ಎಂದು ಪ್ರತ್ಯೇಕ ಮಾಡಿ, ಸಾಫ್ಟ್‌ವೇರನ್ನು ಬೇರೆ ಇಟ್ಟರು. ಒಂದರ ಲಾಭ ಇನ್ನೊಂದರ ನಷ್ಟವನ್ನು ಮುಚ್ಚುವ ಹಾಗಿಲ್ಲ.

ನಾವು ಮಾಡುವುದು ಇದರ ತದ್ವಿರುದ್ಧ. ಅಡಿಕೆ ಮಾರಿದ ದುಡ್ಡು, ಹಾಲಿನ ದುಡ್ಡು, ತೆಂಗಿನಕಾಯಿಯ ದುಡ್ಡು ಎಲ್ಲ ಒಂದೇ ಕಿಸೆಗೆ. ಖರ್ಚೂ ಅದೇ ಕಿಸೆಯಿಂದ. ಯಾವುದು ಸಾಕುತ್ತಿದೆ, ಯಾವುದು ತಿನ್ನುತ್ತಿದೆ ಎಂದು ಗೊತ್ತಾಗುವುದು ಹೇಗೆ? ಹತ್ತು ರೂಪಾಯಿಯ ನೋಟುಪುಸ್ತಕ ಒಂದೊಂದು ಕಸುಬಿಗೆ ಒಂದೊಂದು ಸಾಕು. ಆಳಿನ ಮಜೂರಿಯನ್ನೂ ನಮ್ಮ ಮನೆಯವರ ದುಡಿತವನ್ನೂ ಅದರಲ್ಲಿ ಬರೆಯಬೇಕು. ಮನೆಯ ಹೆಂಗಸರು ದನದ ಹಿಂದೆ ಸುರಿಯುವ ಬೆವರಿಗೆ ಸೊನ್ನೆ ಎಂದು ಬರೆದರೆ ಹಾಲು ಯಾವತ್ತೂ ಲಾಭವೇ!

ಅವರು ದಾಟಿದರು, ಬೆಳೆದವರು?

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ. ಕಂಪೆನಿಗೆ ಕಾಲಿದೆ, ತೋಟಕ್ಕೆ ಬೇರಿದೆ. ಅಮಳ್ನೇರಿನಿಂದ ಬೆಂಗಳೂರಿಗೆ, ಎಣ್ಣೆಯಿಂದ ಯಂತ್ರಕ್ಕೆ ಅವರು ನಡೆದು ಹೋದರು. ನೆಲಗಡಲೆ ಬೆಳೆದವನು ನಡೆಯುವುದೆಲ್ಲಿಗೆ?

1986ರಲ್ಲಿ ಎಣ್ಣೆಕಾಳುಗಳ ತಂತ್ರಜ್ಞಾನ ಮಿಷನ್ ಶುರುವಾಗಿ, 1990ರ ದಶಕದ ಆರಂಭಕ್ಕೆ ದೇಶ ಅಡುಗೆ ಎಣ್ಣೆಯಲ್ಲಿ ಹತ್ತಿರ ಹತ್ತಿರ ಸ್ವಾವಲಂಬಿ ಆಗಿತ್ತು. 1994ರಲ್ಲಿ ತಾಳೆ ಎಣ್ಣೆಯ ಆಮದಿಗೆ ಬಾಗಿಲು ತೆರೆಯಿತು. ಈಗ ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನಿಂದಲೇ ಬರುತ್ತಿದೆ. ವನಸ್ಪತಿಗೂ ಒಳ್ಳೆ ಕಾಲ ಉಳಿಯಲಿಲ್ಲ. ಅದರಲ್ಲಿರುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಟ್ಟದ್ದೆಂದು ಸಿದ್ಧವಾಗಿ, 2022ರ ಜನವರಿಯಿಂದ ಎಣ್ಣೆ ಕೊಬ್ಬುಗಳಲ್ಲಿ ಅದು ಶೇಕಡಾ 2ನ್ನು ಮೀರಬಾರದೆಂಬ ನಿಯಮ ಬಂದಿದೆ. ವನಸ್ಪತಿಯೊಂದನ್ನೇ ನಂಬಿ ಕುಳಿತಿದ್ದರೆ ಆ ಕಂಪೆನಿಯ ಹೆಸರನ್ನು ಇವತ್ತು ನಾವು ಕೇಳುತ್ತಿದ್ದೆವೋ ಇಲ್ಲವೋ. ಚಳ್ಳಕೆರೆ ಕಡೆಯ ಕೃಷಿಕರನ್ನು ಕೇಳಿ ನೋಡಿ. ಎಣ್ಣೆ ಮಿಲ್ಲುಗಳಿಗೆ ಹೆಸರಾದ ಊರಿನವರು ಅವರು. ಆಮದಿನ ಎಣ್ಣೆ ಅಗ್ಗವಾದಾಗ ನೆಲಗಡಲೆಗೆ ಏನಾಗುತ್ತದೆಂದು ಅವರಷ್ಟು ತಿಳಿದವರಿಲ್ಲ.

ನಮ್ಮ ಅಡಿಕೆಯ ಮೇಲೂ ಅಂಥದ್ದೇ ಎರಡು ಕತ್ತಿ ತೂಗುತ್ತಿವೆ. ಒಂದು ಆಮದಿನ ಅಡಿಕೆ. ಇನ್ನೊಂದು, ಅಡಿಕೆ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿ. ಅದರ ಬಗ್ಗೆ ನಮ್ಮ ವಾದ ಏನೇ ಇರಲಿ, ವನಸ್ಪತಿಯ ಮೇಲೆ ನಿಯಮ ಬಂದ ಹಾಗೆ ಅಡಿಕೆಯ ಮೇಲೂ ಬಂದರೆ ಎಂಬ ಪ್ರಶ್ನೆಯನ್ನು ಮನೆಯಲ್ಲಿ ಕುಳಿತು ಕೇಳಿಕೊಳ್ಳಲೇಬೇಕು. ಎಲೆಚುಕ್ಕಿ, ಹಳದಿ ರೋಗ ಇದರ ಮೇಲೆ.

ಇನ್ನೊಂದು ಸಂಗತಿ. ಅಮಳ್ನೇರಿನಲ್ಲಿ ಕಂಪೆನಿಯ ಷೇರು ಹಿಡಿದು ಕುಳಿತವರು ಬಹಳ ಮಂದಿ. ಮಾರದೆ ಇಟ್ಟವರ ಮನೆಗಳು ಸಿರಿವಂತವಾದವು. ಅದೇ ಕಾರ್ಖಾನೆಗೆ ಬರೇ ನೆಲಗಡಲೆ ಮಾರಿದವನಿಗೆ ಸಿಕ್ಕಿದ್ದು ನೆಲಗಡಲೆಯ ಕ್ರಯ ಮಾತ್ರ. ಕಚ್ಚಾಮಾಲು ಕೊಡುವವನಿಗೂ ಪಾಲು ಇರುವವನಿಗೂ ಇರುವ ವ್ಯತ್ಯಾಸ ಇದು. ಹಾಗಾಗಿ ಸೊಸೈಟಿ, ಕ್ಯಾಂಪ್ಕೊ, ಈಚೆಗಿನ ರೈತ ಉತ್ಪಾದಕರ ಕಂಪೆನಿ, ಇವುಗಳಲ್ಲಿ ನಮ್ಮ ಷೇರನ್ನು ಬರೇ ಸಾಲಕ್ಕೆ ಬೇಕಾದ ಕಾಗದ ಎಂದು ತಿಳಿಯಬಾರದು. ಮಹಾಸಭೆಗೆ ಹೋಗಿ, ಲೆಕ್ಕಪತ್ರ ಓದಿ, ಎದ್ದು ನಿಂತು ಪ್ರಶ್ನೆ ಕೇಳಬೇಕು. ಊಟಕ್ಕೆ ಮಾತ್ರ ಹೋದರೆ ಸಾಲದು.

ಅಂದ ಹಾಗೆ, ಆ ಸೋಪಿನ ಕಂಪೆನಿ ಮತ್ತೆ ಕೃಷಿಕರ ಮಾಲಿನ ಕಡೆಗೆ ತಿರುಗಿದೆ. 2022ರಲ್ಲಿ ಕೇರಳದ ‘ನಿರಪರ’, 2023ರಲ್ಲಿ ‘ಬ್ರಾಹ್ಮಿನ್ಸ್’ ಎಂಬ ಮಸಾಲೆ ಪುಡಿಗಳ ಬ್ರಾಂಡುಗಳನ್ನು ಕೊಂಡಿದೆ. ಮಸಾಲೆಗೆ ಮೆಣಸು, ಅರಸಿನ, ಕೊತ್ತಂಬರಿ ಬೇಕು. ನಾವು ಗೋಣಿಯಲ್ಲಿ ಮಾರುತ್ತೇವೆ. ಪುಡಿ ಮಾಡಿ ಪೊಟ್ಟಣ ಕಟ್ಟಿದವನು ನಮಗೇ ಮಾರುತ್ತಾನೆ.

ಬಿಟ್ಟುಕೊಡುವ ಲೆಕ್ಕ

2019ರ ಜುಲೈ ಕೊನೆಗೆ ಪ್ರೇಮ್‌ಜಿ ಅಧ್ಯಕ್ಷತೆಯನ್ನು ಮಗ ರಿಷದ್ ಕೈಗೆ ಕೊಟ್ಟರು. ಮಗ ಕಂಪೆನಿಗೆ ಸೇರಿದ್ದು 2007ರಲ್ಲಿ. ಅಂದರೆ 12 ವರ್ಷದ ತರಬೇತಿ. ಅದೇ 2019ರ ಮಾರ್ಚಿನಲ್ಲಿ ತಮ್ಮ ಪಾಲಿನ ಇನ್ನೊಂದು ದೊಡ್ಡ ಭಾಗದ ಆದಾಯವನ್ನು ತಮ್ಮ ಹೆಸರಿನ ಫೌಂಡೇಶನ್ನಿಗೆ ಬರೆದರು. ಒಟ್ಟು ಕೊಟ್ಟದ್ದರ ಮೌಲ್ಯ ಆಗಲೇ 1.45 ಲಕ್ಷ ಕೋಟಿ ರೂಪಾಯಿ ಎಂದು ಪ್ರಕಟವಾಗಿತ್ತು. ಆ ಫೌಂಡೇಶನ್ನಿನ ನೆರವಿನಿಂದ 2024ರಲ್ಲಿ ಕರ್ನಾಟಕದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಕೊಡುವುದು ವಾರಕ್ಕೆ ಎರಡು ದಿನ ಇದ್ದದ್ದು ಆರು ದಿನಕ್ಕೆ ಏರಿತು. ನಮ್ಮ ಆಳುಗಳ ಮಕ್ಕಳು, ನಮ್ಮ ಮಕ್ಕಳು ಓದುವ ಶಾಲೆಗಳೇ ಅವು.

ನಮ್ಮಲ್ಲಿ ತೋಟ ಕೈದಾಟುವುದು ಹೇಗೆ? ಬಹಳ ಮನೆಗಳಲ್ಲಿ ಅಪ್ಪ ಹಾಸಿಗೆ ಹಿಡಿದ ಮೇಲೆ. ಅಲ್ಲಿಯ ತನಕ ಯಾವ ಮರಕ್ಕೆ ಎಷ್ಟು ಪ್ರಾಯ, ಯಾರಿಗೆ ಎಷ್ಟು ಸಾಲ, ಯಾವ ಅಂಗಡಿಯವ ನಂಬಿಗಸ್ಥ ಎಂಬುದೆಲ್ಲ ಒಬ್ಬರ ತಲೆಯಲ್ಲೇ. ಮಕ್ಕಳು ಬೆಂಗಳೂರಿನಲ್ಲಿ ಇಂಥದ್ದೇ ಕಂಪೆನಿಗಳ ಕಂಪ್ಯೂಟರ್ ಮುಂದೆ. ಅವರು ಕಳಿಸುವ ದುಡ್ಡು ಇವತ್ತು ಎಷ್ಟೋ ತೋಟಗಳ ನಿಜವಾದ ಉಪಬೆಳೆ. ಮಳೆಗೂ ಕೊಳೆರೋಗಕ್ಕೂ ಅದು ಹೆದರುವುದಿಲ್ಲ. ಆದರೆ ಆ ಬೆಳೆಗೆ ನಾವು ತೆರುವ ಕ್ರಯ ತೋಟ ನೋಡುವ ಕೈಗಳು. ಅವರು ರಜೆಗೆ ಬಂದಾಗ ಹಲಸಿನ ಹಪ್ಪಳದ ಕಟ್ಟಿನ ಜೊತೆ ಆ ನೋಟುಪುಸ್ತಕಗಳನ್ನೂ ಎದುರಿಗಿಡಿ. ಲೆಕ್ಕ ಗೊತ್ತಿದ್ದವನಿಗೆ ತೋಟ ಹೊರೆ ಎನಿಸುವುದು ಕಮ್ಮಿ. ಬಂದು ನಿಲ್ಲುತ್ತಾರೋ ಬಿಡುತ್ತಾರೋ, ತಿಳಿದು ನಿರ್ಧಾರ ಮಾಡಲಿ.

ನನ್ನ ಮಟ್ಟಿಗೆ ಈ 53 ವರ್ಷಗಳ ಕಥೆಯಿಂದ ತೆಗೆದುಕೊಂಡದ್ದು ಐದು ಪ್ರಶ್ನೆ. ಹೊಸ ಗಿಡದ ಆಸೆ ಬಂದಾಗಲೆಲ್ಲ ಕೇಳಿಕೊಳ್ಳುತ್ತೇನೆ:

1. ಅಡಿಕೆಯ ಲೆಕ್ಕ ಅಳತೆಯಲ್ಲಿ ಉಂಟೋ, ಅಂದಾಜಿನಲ್ಲೋ?
2. ಇದು ನನ್ನಲ್ಲಿ ಈಗಾಗಲೇ ಇರುವ ಕಸದಿಂದಲೋ ವಿದ್ಯೆಯಿಂದಲೋ ಹುಟ್ಟುತ್ತದೆಯೋ?
3. ಅಡಿಕೆಯ ಶತ್ರುವೇ ಇದಕ್ಕೂ ಶತ್ರುವೋ?
4. ಅಡಿಕೆ ಮರ ಕಡಿಯದೆ, ಸಾಲಕ್ಕೆ ಓಡದೆ ಸಣ್ಣದಾಗಿ ಶುರು ಮಾಡಿ, ಐದಾರು ವರ್ಷ ಕಾಯಬಹುದೋ?
5. ಎಷ್ಟು ನಷ್ಟವಾದರೆ ಬಿಡುವುದೆಂದು ಮೊದಲೇ ಬರೆದಿಟ್ಟಿದ್ದೇನೆಯೋ?

ಐದಕ್ಕೂ ಒಳ್ಳೆ ಉತ್ತರ ಸಿಕ್ಕುವ ಬೆಳೆ ಸುಲಭದಲ್ಲಿ ಸಿಕ್ಕದು. ಮೂರಕ್ಕೆ ಸಿಕ್ಕಿದರೆ ಹತ್ತು ಗಿಡ ನೆಟ್ಟು ನೋಡಬಹುದು. ನಿಮ್ಮ ತೋಟದಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ಉಳಿದ ಉಪಬೆಳೆ ಯಾವುದು, ಬಿಟ್ಟದ್ದು ಯಾವುದು, ಯಾಕೆ? ಲೆಕ್ಕ ಸಹಿತ ನಾಲ್ಕು ಸಾಲು ಬರೆದು ಪತ್ರಿಕೆಗೆ ಕಳಿಸಿ. ಅಮಳ್ನೇರಿನ ಲೆಕ್ಕಕ್ಕಿಂತ ನೆರೆತೋಟದವರ ಲೆಕ್ಕ ನಮಗೆ ಹೆಚ್ಚು ಪ್ರಯೋಜನಕ್ಕೆ ಬಂದೀತು.